ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಸರು

2016ರ ಮಾತು. ಗಂಡನ ಪ್ರಾಜೆಕ್ಟ್ ಅಂತ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಒಂದೂವರೆ ವರ್ಷ ಇದ್ದೆವು. ಮಗಳಿಗೆ ಆಗ ಎಂಟು ತಿಂಗಳು. ನಾನು ಕೆಲಸಕ್ಕೆ ಬ್ರೇಕ್ ಕೊಟ್ಟು ಮನೆಯಲ್ಲಿದ್ದೆ. ಬಾಣಂತನದ ನೆಪದಲ್ಲಿ ಹಾವೇರಿಯಿಂದ ಬಂದಿದ್ದ ಅವ್ವ, ಕೆಳಗಿನ ಮಹಡಿಯ ಮನೆ ಒಡತಿ, ನಾನು, ಮೂವರೂ ಸೇರಿ ನೋಡುತ್ತಿದ್ದ ಕಾರ್ಯಕ್ರಮ ಒಂದೇ: ಬಿಬಿಸಿಯ ‘ಏರ್ ಹಂಟರ್ಸ್’. ಅಂದರೆ, ವಾರಸುದಾರರನ್ನು ಹುಡುಕುವವರು.

ನೋಡಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಯಾರೋ ಒಬ್ಬರು ವಿಲ್ ಬರೆಯದೆ, ಬಂಧುಗಳು ಯಾರೂ ಗೊತ್ತಿಲ್ಲದೆ ತೀರಿಕೊಂಡಿರುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥವರ ಆಸ್ತಿ ಕೊನೆಗೆ ರಾಜಮನೆತನದ ಹೆಸರಲ್ಲಿ ಸರ್ಕಾರಕ್ಕೆ ಸೇರುತ್ತದೆ. ಅದಕ್ಕೆ ಮುಂಚೆ ಅಲ್ಲಿನ ಸರ್ಕಾರಿ ಕಾನೂನು ಇಲಾಖೆ ಆಗೆಲ್ಲ ಸತ್ತವರ ಹೆಸರಿನ ಪಟ್ಟಿಯನ್ನು ಪ್ರಕಟಿಸುತ್ತಿತ್ತು. ಪಟ್ಟಿ ಬಂದದ್ದೇ ತಡ, ಹುಡುಕುವ ಕಂಪನಿಗಳ ಓಟ ಶುರು. ಒಬ್ಬರು ಫೋನ್ ಹಿಡಿದು ಕೂರುತ್ತಾರೆ, ಇನ್ನೊಬ್ಬರು ಕಾರು ಹತ್ತುತ್ತಾರೆ. ಅಲ್ಲಿ 1837ರಿಂದ ಜನನ, ಮದುವೆ, ಮರಣ ಎಲ್ಲದರ ದಾಖಲೆ ಇದೆ. ಹಳೆಯ ಜನಗಣತಿಯ ಪುಟಗಳಲ್ಲಿ ಯಾವ ಮನೆಯಲ್ಲಿ ಯಾರ್‍ಯಾರು ಇದ್ದರು ಅಂತಲೂ ಸಿಗುತ್ತದೆ. ಕೊನೆಗೆ ಎಲ್ಲೋ ಒಂದು ಊರಲ್ಲಿ ಬಾಗಿಲು ತಟ್ಟಿ, “ನಿಮ್ಮ ಅಜ್ಜಿಯ ತಮ್ಮನ ಮಗ ತೀರಿಕೊಂಡಿದ್ದಾರೆ, ನಿಮಗೆ ಪಾಲಿದೆ” ಅನ್ನುತ್ತಾರೆ. ಸಹಿ ಹಾಕಿದರೆ ಅದರಲ್ಲಿ ಅವರಿಗೆ ಕಮಿಷನ್.

ನೋಡುವ ಮೂವರಿಗೂ ಮೂರು ಅಭಿಪ್ರಾಯ. ಮನೆ ಒಡತಿ ನಿವೃತ್ತ ನರ್ಸ್, ಒಂಟಿ ಜೀವ. “ಸತ್ತವನ ಬದುಕು ಹೇಗಿತ್ತು ಅಂತ ಪಕ್ಕದ ಮನೆಯವರು ಟೀವಿಯಲ್ಲಿ ಹೇಳೋದು ಸರಿಯಲ್ಲ. ಅವನನ್ನ ಕೇಳಿದ್ರಾ?” ಅನ್ನೋರು. ಅವರು ಮಾತ್ರ ವಿಲ್ ಬರೆಸಿಟ್ಟಿದ್ದರು. ಬೆಕ್ಕನ್ನು ಯಾರು ಸಾಕಬೇಕು ಅನ್ನೋದೂ ಅದರಲ್ಲಿತ್ತು. ಅವ್ವನಿಗೆ ವಾರಸುದಾರರ ಮೇಲೇ ಸಿಟ್ಟು: “ಇದ್ದಾಗ ಒಂದ್ ಕಪ್ ಚಾ ಕೊಡಲಿಲ್ಲ, ಸತ್ತಮ್ಯಾಗ ರೊಕ್ಕಕ್ಕ ಬಂದ್ರು ನೋಡು!” ನನಗೋ ಅದೊಂದು ಪಜಲ್. ಹೆಸರುಗಳು ಒಂದಕ್ಕೊಂದು ಕೂಡಿ ಮರ ಆಗುವುದನ್ನು ನೋಡುವ ಖುಷಿ ಅಷ್ಟೇ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅದೆಲ್ಲ ಮರೆತೇಹೋಗಿತ್ತು. 2022ರಲ್ಲಿ ಒಂದು ಸಂಜೆ ಆಫೀಸ್ ಕ್ಯಾಬ್‌ನಲ್ಲಿದ್ದಾಗ ಕಾಕಾ ವಾಟ್ಸ್ಯಾಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಬಿಳಿ ಹಾಳೆಯ ಮೇಲೆ ಪೆನ್ನಿಂದ ಬರೆದ ವಂಶವೃಕ್ಷ. ಊರಿನ ಆರು ಎಕರೆ ಇನ್ನೂ ಅಜ್ಜನ ಹೆಸರಲ್ಲೇ ಇತ್ತು. ಪೌತಿ ಖಾತೆ ಮಾಡಿಸಬೇಕು, ಅದಕ್ಕೆ ನಾಡಕಚೇರಿಯಿಂದ ವಂಶವೃಕ್ಷ ಬೇಕು, ಅದಕ್ಕೆ ನಮ್ಮೆಲ್ಲರ ಸಹಿ ಬೇಕು. ಅಪ್ಪ 2019ರಲ್ಲೇ ಹೋಗಿದ್ದರಿಂದ ಅವ್ವ ಮತ್ತು ನಾನು ಸಹಿ ಹಾಕಬೇಕಿತ್ತು.

ಹಾಳೆಯಲ್ಲಿ ಅಜ್ಜ, ಅಜ್ಜಿ, ಕೆಳಗೆ ಎರಡು ಗೆರೆ. ಅಪ್ಪ, ಕಾಕಾ. ಕೊನೆಗೆ ಒಂದು ಸಾಲು: ಇವರನ್ನು ಬಿಟ್ಟರೆ ಬೇರೆ ವಾರಸುದಾರರು ಇರುವುದಿಲ್ಲ.

ಮೂರನೆಯ ಗೆರೆ ಅತ್ತಿಯದು. 1984ರಲ್ಲಿ ಬೇರೆ ಜಾತಿಯವರನ್ನು ಮದುವೆಯಾಗಿ ಮನೆ ಬಿಟ್ಟು ಹೋದವಳು. ಅವತ್ತಿಂದ ಮನೆಯಲ್ಲಿ ಅವಳ ಹೆಸರು ಎತ್ತುತ್ತಿರಲಿಲ್ಲ. ನಾನು ಅವಳ ಹೆಸರು ಕೇಳಿದ್ದು ಒಂದೇ ಸಲ. ಸಣ್ಣವಳಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ನಮ್ಮ ಮನೆತನದ ಏಳೆಂಟು ತಲೆಮಾರು ಒಪ್ಪಿಸಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳುಕಡ್ಡಿ ಇಸಿದುಕೊಂಡು ಹೋಗೋರು. ಅವರು ಹೇಳಿದ್ದೆಲ್ಲ ಗಂಡಸರ ಹೆಸರು. ಒಂದು ವರ್ಷ ಅಜ್ಜಿ ಬಾಗಿಲ ಮರೆಯಿಂದ, “ನನ್ ಮಗಳ ಹೆಸರೂ ಬರ್ಕೊಳಪ್ಪ” ಅಂದಳು. ಅಜ್ಜ ಎದ್ದು ಒಳಗೆ ಹೋದ.

ನಾನು ಕಾಕಾಗೆ ಫೋನ್ ಮಾಡಿದೆ. “ನಲವತ್ತು ವರ್ಷ ಆತು, ತಂಗಿ. ಆಕಿ ಎಂದೂ ಕೇಳಿಲ್ಲ. ಈಗ ಆಕಿ ಹೆಸರು ಹಾಕಿದ್ರ ಆಕಿನ್ನ ಎಲ್ಲಿಂದ ಕರ್ಕೊಂಡು ಬರೋದು? ಖಾತೆ ಆಗೂದಿಲ್ಲ, ಸಾಲ ಸಿಗೂದಿಲ್ಲ” ಅಂದರು. ಅವರ ಮಾತು ಪೂರ್ತಿ ತಪ್ಪಲ್ಲ. ಅಜ್ಜ ಮೂರು ವರ್ಷ ಹಾಸಿಗೆ ಹಿಡಿದಾಗ ನೋಡಿಕೊಂಡಿದ್ದು ಕಾಕಾ, ಕಾಕೂ. ನಾವೆಲ್ಲ ಹಬ್ಬಕ್ಕೆ ಬಂದು ಹೋಗುವವರು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ತಂದೆ ವಿಲ್ ಇಲ್ಲದೆ ತೀರಿಕೊಂಡರೆ ಮಗಳೂ ಮಗನಷ್ಟೇ ಮೊದಲ ದರ್ಜೆಯ ವಾರಸುದಾರಳು. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಮದುವೆ ಯಾರನ್ನಾದಳು ಅನ್ನೋದು ಲೆಕ್ಕಕ್ಕಿಲ್ಲ.

ಆ ರಾತ್ರಿ ರೆಡಿಂಗ್‌ನ ಟೀವಿ ನೆನಪಾಯಿತು. ಅಲ್ಲಿ ಗುರುತಿಲ್ಲದ ಒಬ್ಬನಿಗಾಗಿ ಗುರುತಿಲ್ಲದವರು ರಿಜಿಸ್ಟರ್ ಮೇಲೆ ರಿಜಿಸ್ಟರ್ ತಿರುವಿ ಒಂದು ಹೆಸರು ಹುಡುಕುತ್ತಾರೆ. ಇಲ್ಲಿ ಹೆಸರು ಗೊತ್ತಿದ್ದೂ ನಾವು ಇಲ್ಲ ಅಂತ ಸಹಿ ಹಾಕಬೇಕು. ಅವ್ವನನ್ನು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, “ನಿಮ್ಮಪ್ಪ ಇದ್ದಿದ್ರ ಏನ್ ಮಾಡ್ತಿದ್ರೋ ಗೊತ್ತಿಲ್ಲ. ನೀ ಮಾತ್ರ ಸುಳ್ಳಿಗೆ ಸಹಿ ಹಾಕಬ್ಯಾಡ” ಅಂದಳು.

ಅಪ್ಪನ ಟ್ರಂಕ್‌ನಲ್ಲಿ ಸೊಲ್ಲಾಪುರದ ವಿಳಾಸದ ಒಂದು ಹಳೆಯ ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಗೆಳತಿಯ ಅಣ್ಣ ಅಲ್ಲಿದ್ದ. ಆ ಗಲ್ಲಿಗೆ ಹೋಗಿ, ಮನೆ ಬದಲಾಗಿದ್ದರೂ ಕಿರಾಣಿ ಅಂಗಡಿಯವರನ್ನು ಕೇಳಿ ನಂಬರ್ ತಂದುಕೊಟ್ಟ. ಎರಡು ವಾರ ಹಿಡಿಯಿತು.

ಫೋನ್ ಎತ್ತಿದ ದನಿಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ನಾನು ಯಾರ ಮಗಳು ಅಂತ ಹೇಳಿದ ಕೂಡಲೇ ಅತ್ತಿ ಕೇಳಿದ್ದು, “ಅಣ್ಣ ಹೆಂಗದಾನವಾ?”

ಹೊಲದ ವಿಷಯ ಹೇಗೆ ಶುರು ಮಾಡಬೇಕು ಅಂತ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೆ. ಈ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲ. ಟೀವಿಯಲ್ಲಿ ಬಾಗಿಲು ತಟ್ಟಿದವರು ಸಾವಿನ ಸುದ್ದಿ ಹೇಳಿ, ಸಾರಿ ಅಂದು, ಅರ್ಧ ನಿಮಿಷದಲ್ಲಿ ಕಾಗದ ತೆಗೆಯುತ್ತಾರೆ. ಅಪ್ಪ ಹೋಗಿ ಮೂರು ವರ್ಷವಾಯಿತು ಅಂತ ನಾನು ಹೇಳಿದ ಮೇಲೆ ಆ ಕಡೆಯಿಂದ ಎಷ್ಟೋ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, “ಒಬ್ಬರೂ ಹೇಳಿ ಕಳಿಸಲಿಲ್ಲಲ್ಲ” ಅಂದಳು. ಅವತ್ತು ಹೊಲದ ಮಾತು ಬರಲೇ ಇಲ್ಲ.

ಇಲ್ಲಿಗೆ ಕಥೆ ಸುಖಾಂತ ಅಂದುಕೊಳ್ಳಬೇಡಿ. ಅತ್ತಿ ನನಗೇನೂ ಬೇಡ ಅನ್ನುತ್ತಾಳೆ. ಅವಳ ಮಗ, ಅಮ್ಮನ ಪಾಲು ಯಾಕೆ ಬಿಡಬೇಕು ಅನ್ನುತ್ತಾನೆ. ಅವನು ಕೇಳೋದರಲ್ಲಿ ತಪ್ಪೇನಿದೆ? ಮೂರು ಗೆರೆಯ ಹೊಸ ವಂಶವೃಕ್ಷ ಆಗಿದೆ, ಪಾಲಿನ ಮಾತು ಇನ್ನೂ ಮುಗಿದಿಲ್ಲ. ಕಾಕಾ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅದು ನನಗೆ ಚುಚ್ಚುತ್ತದೆ. ಸೈಕಲ್ ಕಲಿಸಿದ ಕಾಕಾ ಅವರು.

ಈಗ ಯಾರಾದರೂ ಆ ಕಾರ್ಯಕ್ರಮದ ಬಗ್ಗೆ ಕೇಳಿದರೆ ನನ್ನದು ಒಂದೇ ತಕರಾರು: ವಾರಸುದಾರರು ಸಿಕ್ಕ ಕೂಡಲೇ ಎಪಿಸೋಡ್ ಮುಗಿಸಿಬಿಡುತ್ತಾರೆ. ಅಸಲಿಗೆ ಆಮೇಲೇ ಶುರು. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಎಲ್ಲರ ಹೆಸರು ಈಗಲೇ ಬರೆದಿಡಿ, ಜಗಳ ಆಡಿ ಹೋದವರದ್ದೂ ಸೇರಿಸಿ. ಹಳೆಯ ಬ್ಯಾಂಕ್ ಠೇವಣಿ ಮರೆತುಹೋಗಿದ್ದರೆ ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಪೋರ್ಟಲ್‌ನಲ್ಲಿ ಹುಡುಕಬಹುದು. ಮರೆತುಹೋದ ಅತ್ತಿಯನ್ನು ಹುಡುಕುವ ಪೋರ್ಟಲ್ ಇಲ್ಲ.

ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು. ಅತ್ತಿ ಇನ್ನೂ ಊರಿಗೆ ಬಂದಿಲ್ಲ. ಈ ಸಲ ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿಗೆ ತುಂಬಿ ಸೊಲ್ಲಾಪುರಕ್ಕೆ ಕೊರಿಯರ್ ಮಾಡಿಸಿದಳು. ಇನ್ನೊಂದು ಡಬ್ಬಿ ಕಾಕಾನ ಮನೆಗೆ ಹೋಯಿತು. ಸೊಲ್ಲಾಪುರದಿಂದ ಮುಟ್ಟಿತು ಅಂತ ಫೋನ್ ಬಂತು. ಊರಿಂದ ಬಂದಿಲ್ಲ. ಆದರೆ ಡಬ್ಬಿಯೂ ವಾಪಸ್ ಬಂದಿಲ್ಲ.