ಒಂದೇ ಕೈ

ಬೆಂಗಳೂರಿನ ಬಿನ್ನಿಪೇಟೆಗೆ ಬೆಳಗಾಗಿದೆ. 1980ರ ದಶಕದ ಒಂದು ದಿನ. ಮಿಲ್ಲಿನ ಸೈರನ್ ಈಗಷ್ಟೇ ಕೂಗಿ ನಿಂತಿದೆ. ರಾತ್ರಿ ಪಾಳಿ ಮುಗಿಸಿ ಬರುವವರ ತಲೆಗೂದಲಲ್ಲಿ ಹತ್ತಿಯ ಎಳೆ. ಗಿರಣಿ ಶುರುವಾದದ್ದು 1884ರಲ್ಲಿ. ಅದಾದ ಎರಡು ವರ್ಷಕ್ಕೆ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಚಿತ್ರಕಾರ ಕೆ. ವೆಂಕಟಪ್ಪನವರ ಕೆಲಸ ನೋಡಲು ನೀವು ಬಸ್ಸು ಹತ್ತುತ್ತೀರಿ. ಮಾರ್ಕೆಟ್ಟು, ಕಾರ್ಪೊರೇಷನ್ ದಾಟಿ ಕಸ್ತೂರಬಾ ರಸ್ತೆಯಲ್ಲಿ ಇಳಿದರೆ, ಕೆಂಪು ಮ್ಯೂಸಿಯಂ ಪಕ್ಕದಲ್ಲೇ ಅವರ ಹೆಸರಿನ ಚಿತ್ರಶಾಲೆ.

ಒಳಗೆ ತಣ್ಣಗಿದೆ. ಗೋಡೆಯ ಮೇಲೆ ಊಟಿ. ಹತ್ತಿರ ಹೋಗಿ. ಅಂಗೈಯಷ್ಟು ಜಾಗದಲ್ಲಿ ಮಂಜು ಕಣಿವೆಯಿಂದ ಮೇಲೇಳುತ್ತಿದೆ. ಮರದ ಅಂಚು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಯಿತೆಂದು ಕಣ್ಣಿಗೆ ತಿಳಿಯದು. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಕಲಿಯಲು ಕಲ್ಕತ್ತೆಗೆ ಕಳಿಸಿದ ಹುಡುಗ ವೆಂಕಟಪ್ಪ. ಅಲ್ಲಿ ಗುರು ಅವನೀಂದ್ರನಾಥ ಠಾಕೂರರು, ಒಡನಾಡಿ ನಂದಲಾಲ್ ಬೋಸ್. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಮತ್ತೆ ಬಣ್ಣ ಹಚ್ಚುವುದು ಆ ಗುರುಮನೆಯ ಪದ್ಧತಿ. ಅವಸರ ಮಾಡಿದರೆ ಬಣ್ಣ ಕೂರುವುದಿಲ್ಲ. 1913ರಲ್ಲಿ ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದಾಗ, ಅದರಲ್ಲಿ ಈ ಕೈ ಬರೆದ ರಾಮಾಯಣದ ಚಿತ್ರಗಳಿದ್ದವು.

ಈಗ ಪಕ್ಕಕ್ಕೆ ತಿರುಗಿ. ಪ್ಲಾಸ್ಟರಿನ ಉಬ್ಬುಶಿಲ್ಪಗಳು. ಬಣ್ಣವೇ ಇಲ್ಲ, ಬಿಳುಪೊಂದೇ. ಒಂದು ಹೆಜ್ಜೆ ಎಡಕ್ಕೆ ಸರಿದರೆ ನೆರಳು ಬದಲಾಗಿ ಸೀರೆಯ ಮಡಿಕೆ ಏಳುತ್ತದೆ. ಮೈಸೂರು ಅರಮನೆಗೂ ಅವರು ಇಂಥವನ್ನು ಮಾಡುತ್ತಿದ್ದರು. 1940ರಲ್ಲಿ ಮಹಾರಾಜರು ತೀರಿಕೊಂಡರು, ಕೆಲಸ ನಿಂತಿತು, ಬಾಕಿ ಹಣದ ವಿವಾದ ಕೋರ್ಟಿನ ಮೆಟ್ಟಿಲೇರಿತು. ವೆಂಕಟಪ್ಪ ಬೆಂಗಳೂರಿಗೆ ಬಂದು, 1965ರಲ್ಲಿ ಕೊನೆಯುಸಿರೆಳೆಯುವವರೆಗೂ ಒಂಟಿಯಾಗಿ, ಬ್ರಹ್ಮಚಾರಿಯಾಗಿಯೇ ಬಾಳಿದರು.

ಕೊನೆಗೆ ಒಂದು ಚಿತ್ರದೆದುರು ನಿಲ್ಲಿ: ‘ವೀಣೆಯ ಹುಚ್ಚು’. ಹೆಸರಾಗಿದ್ದ ಚಿತ್ರಕಾರ ಕುಂಚ ಪಕ್ಕಕ್ಕಿಟ್ಟು, ವೀಣೆ ಶೇಷಣ್ಣನವರ ಮುಂದೆ ಶಿಷ್ಯನಾಗಿ ಕುಳಿತು ಸರಳೆವರಸೆಯಿಂದ ಕಲಿತ ಕಾಲದ ಗುರುತು ಇದು. ಚಿತ್ರಕಲೆ ಬಿಟ್ಟು ದಾರಿ ತಪ್ಪಿದರೆನ್ನಲು ಮನಸ್ಸು ಬಾರದು. ಮಂಜು ತಿಳಿಯಾಗಲೆಂದು ಕಾದ ಕೈಯೇ ಸ್ವರ ಹದಕ್ಕೆ ಬರಲೆಂದು ತಂತಿಯ ಮೇಲೆ ಕಾದಿತ್ತು.

ಸಂಜೆ ಬಿನ್ನಿಪೇಟೆಗೆ ಮರಳುತ್ತೀರಿ. ಸೈರನ್ ಮತ್ತೆ ಕೂಗುತ್ತದೆ. ಗೇಟಿನೊಳಗೆ ಹೋಗುತ್ತಿರುವ ನೂರಾರು ಕೈಗಳನ್ನು ನಿಂತು ನೋಡುತ್ತೀರಿ. ಇವುಗಳಲ್ಲಿ ಯಾವುದಕ್ಕೆ ಇನ್ನೇನು ಬರುತ್ತದೋ ಎಂದು ಮೊದಲ ಸಲ ಅನಿಸುತ್ತದೆ.