ಮುಖದ ಗಾಯಕ್ಕೆ ಕಾಫಿಪುಡಿ ಹಾಕಬೇಡಿ

ಕಳೆದ ಮಳೆಗಾಲ. ಬೈಂದೂರಿನ ಸುದ್ದಿ ಮುಗಿಸಿ ನಾವಿಬ್ಬರು ವರದಿಗಾರರು ಒಂದೇ ಬೈಕಿನಲ್ಲಿ ಕುಂದಾಪುರಕ್ಕೆ ಬರುತ್ತಿದ್ದೆವು. ಹೆಮ್ಮಾಡಿ ಹತ್ತಿರ ದನವೊಂದು ಅಡ್ಡ ಬಂತು, ಬೈಕ್ ಜಾರಿತು. ಹಿಂದೆ ಕೂತವನ ಹೆಲ್ಮೆಟ್ ತಲೆಯಲ್ಲಿರಲಿಲ್ಲ, ಕೈಯಲ್ಲಿತ್ತು. ಮೇಲ್ದುಟಿ ಸೀಳಿ ಅಂಗಿಯೆಲ್ಲ ರಕ್ತ.

ಹೆದ್ದಾರಿ 66ರ ಅಪಘಾತಗಳನ್ನು ನಾವು ಎಷ್ಟು ಬರೆದಿದ್ದೇವೋ ಲೆಕ್ಕವಿಲ್ಲ. ಆದರೆ ಆ ಹೊತ್ತಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಪಕ್ಕದ ಮನೆಯ ಅಮ್ಮ ಓಡಿ ಬಂದು, "ಹೆದ್ರಬೇಡಿ, ಕಾಫಿಪುಡಿ ಹಾಕುವ, ಸಮ ಆತ್ತ್" ಎಂದರು. ನಾವೂ ಬೇಡ ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ಹೊಲಿಗೆಗಿಂತ ಹೆಚ್ಚು ಹೊತ್ತು ಹಿಡಿದದ್ದು ಆ ಪುಡಿ, ಮರಳು ತೊಳೆಯಲು. ಡಾಕ್ಟ್ರು ಬೈಯಲಿಲ್ಲ, ತಿಳಿಸಿ ಹೇಳಿದರು. ಮುಖದಲ್ಲಿ ರಕ್ತನಾಳ ಹೆಚ್ಚು. ಸಣ್ಣ ಗಾಯಕ್ಕೂ ರಕ್ತ ಜೋರು. ಅದೇ ಕಾರಣಕ್ಕೆ ಮಾಯುವುದೂ ಬೇಗ. ಆದರೆ ಮಣ್ಣು ಒಳಗೆ ಉಳಿದರೆ ಹಚ್ಚೆಯಂತೆ ಕಪ್ಪು ಕಲೆ ನಿಲ್ಲುತ್ತದೆ. ತುಟಿಯ ಅಂಚಿನ ಗೆರೆ 1 ಮಿಲಿಮೀಟರ್ ತಪ್ಪಿ ಕೂಡಿದರೂ ಎದುರಿನವರಿಗೆ ಕಾಣುತ್ತದೆ. ಹಾಗಾಗಿ ಮೊದಲ ಹೊಲಿಗೆ ಆ ಗೆರೆಗೇ.

ನಾವು ಅಂದು ಕಲಿತದ್ದನ್ನು ನಿಮಗೂ ಹೇಳುತ್ತೇವೆ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಶುದ್ಧ ಬಟ್ಟೆ ಮಡಚಿ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಗಾಯಾಳುವನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ರಕ್ತ ಗಂಟಲಿಗೆ ಇಳಿಯಬಾರದು. ಕುತ್ತಿಗೆ ನೋವಿದ್ದರೆ, ಎಚ್ಚರ ತಪ್ಪಿದ್ದರೆ ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಕಿವಿ, ಮೂಗಿನ ತುಂಡು ಹರಿದು ಬಿದ್ದಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ, ಆ ತೊಟ್ಟೆಯನ್ನು ಐಸಿನ ಮೇಲಿಟ್ಟು ಜೊತೆಗೇ ಒಯ್ಯಿರಿ. ತುಂಡಿಗೆ ನೇರ ಐಸ್ ತಾಗಬಾರದು. ಕೆನ್ನೆಯ ಗಾಯ ಆಳವಿದ್ದು ನಗುವಾಗ ಬಾಯಿ ಸೊಟ್ಟಗಾದರೆ, ಕಣ್ಣು ಪೂರ್ತಿ ಮುಚ್ಚದಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಬೇಕೇ ಎಂದು ಕೇಳಿ.

ನಾಯಿ ಮುಖಕ್ಕೆ ಕಚ್ಚಿದರಂತೂ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಮುಖ ಮಿದುಳಿಗೆ ಹತ್ತಿರ. ಲಸಿಕೆಯ ಜೊತೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ನೂ ಬೇಕು.

ನಮ್ಮವನ ತುಟಿ ಚೆನ್ನಾಗಿ ಕೂಡಿದೆ, ಸಣ್ಣ ಗೆರೆಯೊಂದು ಉಳಿದಿದೆ. ಮೊನ್ನೆ ಬ್ರಹ್ಮಾವರಕ್ಕೆ ಹೊರಟಾಗ ನಾವು ಹೇಳುವ ಮೊದಲೇ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದುಕೊಂಡ.