ಪರದೆಯ ಬಿಳುಪು, ಕಾಗದದ ಬಿಳುಪು

ಎರಡು ವರ್ಷಗಳ ಹಿಂದಿನ ಮಾತು. ನಮ್ಮ ಧರ್ಮಕೇಂದ್ರದ ಸ್ಮರಣ ಸಂಚಿಕೆಯ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಹೊಣೆಯನ್ನು ನಾನೇ ವಹಿಸಿಕೊಂಡಿದ್ದೆ. ನಾಲ್ಕು ಕಾಸು ಉಳಿಯಲಿ ಎಂಬುದು ಒಂದು ಕಾರಣ. ಆ ಕೆಲಸದಲ್ಲಿ ನನಗಿರುವ ಆಸಕ್ತಿ ಇನ್ನೊಂದು. ಒಂದು ಸಂಜೆ ಊರಿನ ಹಿರಿಯರೊಬ್ಬರು ಕರವಸ್ತ್ರದಲ್ಲಿ ಸುತ್ತಿಕೊಂಡು ಒಂದು ಹಳೆಯ ಭಾವಚಿತ್ರವನ್ನು ತಂದರು. ಅವರ ತಾಯಿಯದು. ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಒಂದು ಮೂಲೆ ಗೆದ್ದಲಿಗೆ ಆಹುತಿಯಾಗಿತ್ತು. ಆ ತಾಯಿಯ ಬೇರೆ ಚಿತ್ರ ಮನೆಯಲ್ಲಿ ಇರಲಿಲ್ಲ.

ಅದನ್ನು ಸ್ಕ್ಯಾನ್ ಮಾಡಿ, ಎರಡು ರಾತ್ರಿ ಕುಳಿತು ಕಲೆಗಳನ್ನು ಅಳಿಸಿದೆ. ಕಣ್ಣಿನ ಸುತ್ತಲಿನ ಸುಕ್ಕು, ಮೂಗುಬೊಟ್ಟು, ಸೆರಗಿನ ಅಂಚು ಎಲ್ಲವೂ ಪರದೆಯ ಮೇಲೆ ಎದ್ದು ಬಂದವು. ನನ್ನ ಕೈಚಳಕದ ಬಗ್ಗೆ ನನಗೇ ಹೆಮ್ಮೆ ಎನಿಸಿತು. ಆದರೆ ಆರುನೂರು ಪ್ರತಿಗಳು ಅಚ್ಚಾಗಿ ಬಂದಾಗ ಆ ಪುಟದಲ್ಲಿದ್ದದ್ದು ಒಂದು ಕಪ್ಪು ಮುದ್ದೆ. ಕೂದಲು, ಹಿನ್ನೆಲೆ, ಸೆರಗು ಮೂರೂ ಒಂದಾಗಿದ್ದವು. ಹಿರಿಯರು ಪುಟವನ್ನು ಬಹಳ ಹೊತ್ತು ನೋಡಿ, “ಚೆನ್ನಾಗಿ ಬಂದಿದೆ ಸ್ವಾಮಿ” ಎಂದರು. ಸ್ವಲ್ಪ ತಡೆದು, “ಅವ್ವನ ಕಣ್ಣು ಮಾತ್ರ ಕಾಣ್ಲಿಲ್ಲ” ಎಂದು ಸಂಚಿಕೆಯನ್ನು ಮಡಚಿಕೊಂಡು ಹೊರಟರು. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ನಾನು ಸಹಜವಾಗಿಯೇ ತಪ್ಪನ್ನು ಮುದ್ರಣಾಲಯದ ಮೇಲೆ ಹೊರಿಸಿದೆ. ಅಲ್ಲಿನ ಅನುಭವಿ ಕೆಲಸಗಾರನೊಬ್ಬ ಮರುದಿನ ಒಂದು ಪ್ರತಿಯೊಂದಿಗೆ ನನ್ನ ಕೋಣೆಗೇ ಬಂದ. ವಾದ ಮಾಡಲಿಲ್ಲ. ಚಿತ್ರವನ್ನು ಪರದೆಯ ಮೇಲೆ ತೆರೆಯಲು ಹೇಳಿ, ಅಚ್ಚಾದ ಪುಟವನ್ನು ಪಕ್ಕದಲ್ಲಿ ಹಿಡಿದು, “ಬ್ರೈಟ್‌ನೆಸ್ ಎಷ್ಟಕ್ಕೆ ಇಟ್ಟಿದ್ದೀರಿ ಸ್ವಾಮಿ?” ಎಂದು ಕೇಳಿದ. ಕೊಂಡ ದಿನದಿಂದಲೂ ಅದು ನೂರಕ್ಕೇ ಇತ್ತು. ಅದನ್ನು ಬದಲಿಸಬಹುದೆಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಅವನು ಗುಂಡಿಯೊತ್ತಿ ಅದನ್ನು ಇಪ್ಪತ್ತರ ಸಮೀಪಕ್ಕೆ ಇಳಿಸಿದ. ಪರದೆಯ ಮೇಲಿದ್ದ ತಾಯಿಯ ಮುಖ ನನ್ನ ಕಣ್ಣೆದುರೇ ಕಪ್ಪಾಯಿತು. “ನೀವು ಕಳಿಸಿದ್ದು ಇದನ್ನೇ” ಎಂದ.

ಕಾಗದಕ್ಕೆ ಸ್ವಂತ ಬೆಳಕಿಲ್ಲ. ಕೋಣೆಯ ಬೆಳಕು ಅದರ ಮೇಲೆ ಬಿದ್ದು ಮರಳಿದರೆ ಮಾತ್ರ ಅದು ಬೆಳ್ಳಗೆ ಕಾಣುತ್ತದೆ. ಮಾನಿಟರಾದರೋ ತನ್ನ ಬೆನ್ನ ಹಿಂದೆ ದೀಪವನ್ನೇ ಇಟ್ಟುಕೊಂಡಿದೆ. ಸಾಮಾನ್ಯ ಮಾನಿಟರು ಪೂರ್ಣ ಬ್ರೈಟ್‌ನೆಸ್ಸಿನಲ್ಲಿ ಚದರ ಮೀಟರಿಗೆ 250ರಿಂದ 350 ಕ್ಯಾಂಡೆಲಾದಷ್ಟು ಬೆಳಗುತ್ತದೆ. ಅಂಗಡಿಯವರು ಇದನ್ನೇ ‘ನಿಟ್ಸ್’ ಎಂದು ಹೇಳುತ್ತಾರೆ. ಅಚ್ಚಿಗೆ ಹೋಗುವ ಕೆಲಸಕ್ಕೆ ಬೇಕಾದದ್ದು ಸುಮಾರು 80ರಿಂದ 120. ಮೂರು ಪಾಲು ಬೆಳಕಿನಲ್ಲಿ ಕುಳಿತು ತಿದ್ದಿದ ಚಿತ್ರ ಒಂದು ಪಾಲು ಬೆಳಕಿನಲ್ಲಿ ಮಂಕಾಗದೆ ಇನ್ನೇನಾದೀತು? ಕಾಗದ ಶಾಯಿಯನ್ನು ಹೀರಿಕೊಂಡು ನೆರಳುಗಳನ್ನು ಇನ್ನಷ್ಟು ದಟ್ಟವಾಗಿಸುವುದು ಬೇರೆ.

ನನ್ನ ಹಳೆಯ ಮಾನಿಟರಿನ ದೋಷ ಇಷ್ಟಕ್ಕೇ ಮುಗಿದಿರಲಿಲ್ಲ. ಅದು ಟಿಎನ್ ಎಂಬ ಹಳೆಯ ಬಗೆಯ ಪ್ಯಾನೆಲ್. ತಲೆಯನ್ನು ಸ್ವಲ್ಪ ತಗ್ಗಿಸಿದರೆ ಚಿತ್ರ ಕಪ್ಪು, ಎತ್ತಿದರೆ ಬಿಳುಚು. ಯಾವುದನ್ನು ನಂಬುವುದು? ಹೊಸದನ್ನು ಕೊಳ್ಳದೆ ಗತ್ಯಂತರವಿರಲಿಲ್ಲ.

ಅದೇ ವೇಳೆಗೆ ಅಕ್ಕನ ಮಗ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ ನಮ್ಮೂರಿನ ಹಾಸ್ಟೆಲಿಗೆ ಬಂದಿದ್ದ. ಶನಿವಾರ ಸಂಜೆ ಲ್ಯಾಪ್‌ಟಾಪಿನೊಂದಿಗೆ ಗುರುನಿವಾಸಕ್ಕೆ ಬಂದು ಭಾನುವಾರ ರಾತ್ರಿ ಹಿಂದಿರುಗುವುದು ಅವನ ವಾಡಿಕೆ. ಅವನಿಗೆ ಕಂಪ್ಯೂಟರ್ ಆಟಗಳೆಂದರೆ ಪ್ರಾಣ. ಗೇಮಿಂಗ್ ಮಾನಿಟರ್ ಕೊಡಿಸುವುದಾಗಿ ಅಕ್ಕ ಮಾತು ಕೊಟ್ಟಿದ್ದಳು. ಹಾಸ್ಟೆಲಿನಲ್ಲಿ ಇಡಲು ಜಾಗವಿರಲಿಲ್ಲ. ಅಕ್ಕನ ಎಂಟು ಸಾವಿರಕ್ಕೆ ನನ್ನ ಹನ್ನೆರಡು ಸಾವಿರ ಸೇರಿಸಿ, ವಾರದ ದಿನಗಳಲ್ಲಿ ನನಗೆ, ವಾರಾಂತ್ಯದಲ್ಲಿ ಅವನಿಗೆ ಎಂದು ಒಂದೇ ಮಾನಿಟರ್ ಕೊಳ್ಳಲು ನಿಶ್ಚಯಿಸಿದೆವು. ಕೂಡು ಕುಟುಂಬದ ಆಸ್ತಿಯ ತೊಡಕುಗಳೆಲ್ಲ ಆಗಲೇ ಪ್ರಾರಂಭವಾದವು ಎನ್ನಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಆ ಬೀದಿಯ ಅಂಗಡಿಯೊಂದರಲ್ಲಿ ಸಾಲಾಗಿ ಇಟ್ಟಿದ್ದ ಮಾನಿಟರುಗಳಲ್ಲಿ ಒಂದೇ ಚಿತ್ರ ಓಡುತ್ತಿತ್ತು: ಪಂಚರಂಗಿ ಗಿಣಿಗಳು, ಹಣ್ಣುಗಳು. ಎಲ್ಲವೂ ಗರಿಷ್ಠ ಬೆಳಕಿನಲ್ಲಿ, ಬಣ್ಣವನ್ನು ಉಕ್ಕಿಸುವ ಮೋಡಿನಲ್ಲಿ. ಯಾವುದು ಹೆಚ್ಚು ಕಣ್ಣು ಕುಕ್ಕುವುದೋ ಅದೇ ಒಳ್ಳೆಯದೆಂದು ಗಿರಾಕಿಗೆ ತೋರುವುದು ಸಹಜ. ಗಿಣಿಯ ನಿಜವಾದ ಬಣ್ಣ ಅಲ್ಲಿ ಯಾರಿಗೆ ಗೊತ್ತು? ಅಂಗಡಿಯ ಹುಡುಗ 27 ಇಂಚಿನ, 240 ಹರ್ಟ್ಸ್‌ನ ಬಾಗಿದ ಪರದೆಯೊಂದನ್ನು ತೋರಿಸಿದ. ಸೋದರಳಿಯನ ಕಣ್ಣು ಅದರ ಮೇಲೆಯೇ ನೆಟ್ಟಿತು.

ನಾನು ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಕನ್ನಡ ಪುಟವೊಂದನ್ನು ಅದರಲ್ಲಿ ತೆರೆಯುವಂತೆ ಕೇಳಿಕೊಂಡೆ. ಹುಡುಗರು ಮುಸಿಮುಸಿ ನಕ್ಕರು. ಆದರೆ ಆ ಪುಟ ಸಂಗತಿಯನ್ನು ಬಯಲು ಮಾಡಿತು. ಆ ಪರದೆಯಲ್ಲಿದ್ದದ್ದು 1920×1080 ಚುಕ್ಕೆಗಳು. ಅವನ್ನು 27 ಇಂಚಿಗೆ ಹರಡಿದರೆ ಒಂದು ಇಂಚಿಗೆ ಸುಮಾರು 82 ಪಿಕ್ಸೆಲ್ ಮಾತ್ರ. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ಬದುಕಿಕೊಳ್ಳುತ್ತದೆ. ಕನ್ನಡ ಅಕ್ಷರ ಹಾಗಲ್ಲ. ತಲೆಕಟ್ಟು, ಗುಡಿಸು, ಕೊಂಬು, ಇವುಗಳ ಕೆಳಗೊಂದು ಒತ್ತು, ಇಷ್ಟೂ ಕೆಲವೇ ಚುಕ್ಕೆಗಳಲ್ಲಿ ಮೂಡಬೇಕು. ಹೊಟ್ಟೆ ಸೀಳಿದ ‘ಧ’ಕಾರಕ್ಕೂ ಸೀಳದ ‘ದ’ಕಾರಕ್ಕೂ ಇರುವ ಅಂತರ ಆ ಪರದೆಯಲ್ಲಿ ಕಾಣಲೇ ಇಲ್ಲ. ಕರಡು ತಿದ್ದುವವನಿಗೆ ಧನವೂ ದನವೂ ಒಂದಾದರೆ ಗತಿಯೇನು? ಅದೇ ಪುಟವನ್ನು 2560×1440 ಚುಕ್ಕೆಗಳ 27 ಇಂಚಿನ ಪರದೆಯಲ್ಲಿ ತೆರೆದೆವು. ಇಂಚಿಗೆ ಸುಮಾರು 109 ಪಿಕ್ಸೆಲ್. ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತವು. ಇನ್ನೂ ಕಡಿಮೆ ಬೆಲೆಗೆ ಬೇಕೆಂದರೆ 24 ಇಂಚಿನ 1920×1080 ಪರದೆಯೂ ಸುಮಾರು 92 ಪಿಕ್ಸೆಲ್ ಕೊಡುತ್ತದೆ. ಬರೀ ಪತ್ರ ವ್ಯವಹಾರಕ್ಕೆ ಅದು ಧಾರಾಳವಾಗಿ ಸಾಕು.

ಇನ್ನು 240ರ ಪ್ರಶ್ನೆ. ಪರದೆ ಒಂದು ಸೆಕೆಂಡಿಗೆ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಎಂಬುದೇ ರಿಫ್ರೆಶ್ ರೇಟ್. ಗುರುಮಠದಲ್ಲಿ 1990ರ ದಶಕದಲ್ಲಿ ನಾನು ಬೆರಳಚ್ಚು ಕಲಿತ 14 ಇಂಚಿನ ಪೆಟ್ಟಿಗೆ ಮಾನಿಟರಿನ ಮಿಣುಕಾಟ ನೆನಪಾಯಿತು. ಸಂಜೆಯ ಹೊತ್ತಿಗೆ ತಲೆನೋವು ಖಚಿತ. ಅಳಿಯನೊಂದಿಗೆ ಕಾಗದದ ಮೇಲೆ ಲೆಕ್ಕ ಹಾಕಿದೆ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್, 144ರಲ್ಲಿ 6.9, 240ರಲ್ಲಿ 4.2. ಮೊದಲ ಹೆಜ್ಜೆಯಲ್ಲಿ ಹತ್ತಿರ ಹತ್ತಿರ ಹತ್ತು ಮಿಲಿಸೆಕೆಂಡ್ ಲಾಭ, ಎರಡನೆಯದರಲ್ಲಿ ಮೂರೂ ಇಲ್ಲ. ಅದರ ಮೇಲೆ, ಅಷ್ಟು ಚಿತ್ರಗಳನ್ನು ಒದಗಿಸುವ ಶಕ್ತಿ ಅವನ ಲ್ಯಾಪ್‌ಟಾಪಿಗೆ ಇರಬೇಕಲ್ಲ! “ಹೌದು ಮಾವ, 144 ಸಾಕು” ಎಂದು ಒಪ್ಪಿಕೊಂಡ. ಮುಖ ಮಾತ್ರ ಸಪ್ಪಗಿತ್ತು. ಅವನ ಸಮಾಧಾನಕ್ಕೆ, ಲ್ಯಾಪ್‌ಟಾಪು ಕೊಡುವ ಚಿತ್ರಗಳ ವೇಗಕ್ಕೆ ತಾನೇ ಹೊಂದಿಕೊಳ್ಳುವ ಅಡಾಪ್ಟಿವ್ ಸಿಂಕ್ ಸೌಲಭ್ಯ ಇರುವುದನ್ನೇ ಆರಿಸಿದೆವು. ಡಬ್ಬಿಯ ಮೇಲಿನ ‘1 ಮಿಲಿಸೆಕೆಂಡ್’ ಎಂಬ ಜಾಹೀರಾತಿಗೆ ನಾನು ಬೆಲೆ ಕೊಡಲಿಲ್ಲ. ಪಿಕ್ಸೆಲ್ಲುಗಳನ್ನು ಮಿತಿಮೀರಿ ದೂಡಿ ಪಡೆಯುವ ವೇಗ ಅದು. ಆಗ ಓಡುವ ವಸ್ತುವಿನ ಹಿಂದೆ ಬಿಳಿಯ ನೆರಳೊಂದು ಅಂಟಿಕೊಂಡು ಬರುತ್ತದೆ.

ಪ್ಯಾನೆಲ್ ವಿಷಯದಲ್ಲಿ ನಮಗೆ ಜಗಳವಾಗಲಿಲ್ಲ. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ಗಾಢವಾಗಿರುತ್ತದೆ, ಆದರೆ ಕತ್ತಲ ದೃಶ್ಯಗಳು ಚಲಿಸುವಾಗ ಮಸಿ ಬಳಿದಂತಾಗುವುದುಂಟು. ಐಪಿಎಸ್ ಪ್ಯಾನೆಲ್ ಯಾವ ಕಡೆಯಿಂದ ನೋಡಿದರೂ ಬಣ್ಣ ಬದಲಿಸುವುದಿಲ್ಲ. ಹಿಂದೆ ಅದು ಆಟಕ್ಕೆ ನಿಧಾನವೆನಿಸಿಕೊಂಡಿತ್ತು, ಈಗ ಆ ದೂರು ಉಳಿದಿಲ್ಲ.

ನಾನು ಹಟ ಹಿಡಿದದ್ದು ಎಸ್‌ಆರ್‌ಜಿಬಿ ಮೋಡಿನ ಬಗ್ಗೆ. ಯಾವ ಕೆಂಪಿಗೆ ಕೆಂಪೆನ್ನಬೇಕು, ಯಾವ ಹಸಿರಿಗೆ ಹಸಿರೆನ್ನಬೇಕು ಎಂದು ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1996ರಲ್ಲಿ ಸೇರಿ ರೂಪಿಸಿದ ಅಳತೆ ಅದು. 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ನಮ್ಮ ಮೊಬೈಲು, ಕ್ಯಾಮೆರಾ, ಸ್ಟುಡಿಯೋಗಳಿಂದ ಬರುವ ಹೆಚ್ಚಿನ ಚಿತ್ರಗಳು ಇದೇ ಅಳತೆಯವು. ಇಂದಿನ ಗೇಮಿಂಗ್ ಮಾನಿಟರುಗಳು ಇದಕ್ಕಿಂತ ವಿಸ್ತಾರವಾದ ಬಣ್ಣಗಳನ್ನು ತೋರಿಸುತ್ತವೆ. ಅದು ಗುಣವೇ ಸರಿ. ಆದರೆ ಸಾಮಾನ್ಯ ಚಿತ್ರವನ್ನು ಅದರಲ್ಲಿ ಹಾಗೆಯೇ ತೆರೆದರೆ ಪ್ರತಿಯೊಬ್ಬರ ಮುಖವೂ ಬಿಸಿಲಿಗೆ ಕೆಂಪೇರಿದಂತೆ ಕಾಣುತ್ತದೆ. ಎಸ್‌ಆರ್‌ಜಿಬಿ ಮೋಡ್ ಇದಕ್ಕೆ ಕಡಿವಾಣ. ಕೆಲವು ಮಾನಿಟರುಗಳಲ್ಲಿ ಈ ಮೋಡಿಗೆ ಬಂದೊಡನೆ ಬ್ರೈಟ್‌ನೆಸ್ ಬದಲಿಸಲು ಬಿಡುವುದಿಲ್ಲ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಗುಂಡಿಯೊತ್ತಿ ನೋಡಿರಿ. ನಾವು ನೋಡಿದೆವು, ಒಂದನ್ನು ಈ ಕಾರಣಕ್ಕೇ ಬಿಟ್ಟೆವು.

ಮನೆಗೆ ತಂದ ರಾತ್ರಿ ಅಳಿಯನಿಗೆ ನಿರಾಶೆ. “ಹಳೇದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ ಮಾವ.” ನೋಡಿದರೆ ವಿಂಡೋಸ್ ಅದನ್ನು 60 ಹರ್ಟ್ಸ್‌ನಲ್ಲೇ ಓಡಿಸುತ್ತಿತ್ತು. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ನಾವೇ ಹೋಗಿ 144 ಎಂದು ಆರಿಸಬೇಕು. ಆರಿಸಿದೊಡನೆ ಮೌಸಿನ ಬಾಣ ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಹೀಗೆ ಹಣ ಕೊಟ್ಟೂ ವರ್ಷಗಟ್ಟಲೆ 60ರಲ್ಲೇ ಆಡುವವರು ಎಷ್ಟು ಮಂದಿಯೋ!

ಹೊಂದಾಣಿಕೆಯ ಕೆಲಸವನ್ನು, ಅಂದರೆ ಕ್ಯಾಲಿಬ್ರೇಷನ್ನನ್ನು, ಮರುದಿನ ಸಂಜೆ ಮಾಡಿದೆವು. ಮಾನಿಟರನ್ನು ಕಿಟಕಿಯ ಎದುರಿನಿಂದ ಸರಿಸಿ, ಅರ್ಧ ಗಂಟೆ ಉರಿಯಲು ಬಿಟ್ಟೆವು. ರಾತ್ರಿಯ ಹಳದಿ ಬೆಳಕಿನ ಸೌಲಭ್ಯ, ತಾನೇ ಕಾಂಟ್ರಾಸ್ಟ್ ಏರಿಳಿಸುವ ಸೌಲಭ್ಯ ಎಲ್ಲವನ್ನೂ ಆರಿಸಿದೆವು. ಗಾಮಾ 2.2, ಬಿಳುಪು 6500 ಕೆಲ್ವಿನ್, ಅಂದರೆ ಸುಮಾರಾಗಿ ಹಗಲ ಬೆಳಕಿನ ಬಿಳುಪು. ಛಾಯಾಗ್ರಾಹಕ ಮಿತ್ರರೊಬ್ಬರಿಂದ ಕಲರಿಮೀಟರ್ ಎಂಬ ಪುಟ್ಟ ಉಪಕರಣವನ್ನು ಎರವಲು ತಂದಿದ್ದೆ. ಅದನ್ನು ಪರದೆಗೆ ಆನಿಸಿ ಇಳಿಬಿಟ್ಟು, ಡಿಸ್‌ಪ್ಲೇಕ್ಯಾಲ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದರೆ, ಪರದೆ ಒಂದಾದ ಮೇಲೊಂದು ಬಣ್ಣದ ಚೌಕಗಳನ್ನು ತೋರಿಸುತ್ತ ಹೋಗುತ್ತದೆ; ಉಪಕರಣ ಅಳೆಯುತ್ತ ಹೋಗುತ್ತದೆ. ಬ್ರೈಟ್‌ನೆಸ್ ನೂರರಿಂದ 24ಕ್ಕೆ ಇಳಿಯಿತು. ಇಷ್ಟು ದಿನ ನಾನು ಬಿಳಿ ಎಂದುಕೊಂಡಿದ್ದು ನೀಲಿಯಾಗಿತ್ತೆಂದು ತಿಳಿಯಿತು. ಎರಡು ದಿನ ಎಲ್ಲವೂ ಮಂಕಾಗಿ, ಹಳದಿಯಾಗಿ ಕಂಡವು. “ಹಳೇ ಪೇಪರ್ ನೋಡಿದ ಹಾಗಿದೆ” ಎಂದು ಅಳಿಯ ಗೊಣಗಿದ. ಮೂರನೆಯ ದಿನ ಕಣ್ಣು ಪಳಗಿತು. ಆಟಗಳು ಇಂತಹ ತಂತ್ರಾಂಶದ ತಿದ್ದುಪಡಿಯನ್ನು ಬಹುಪಾಲು ಲೆಕ್ಕಿಸುವುದಿಲ್ಲ. ಆದುದರಿಂದ ಆದಷ್ಟನ್ನೂ ಮಾನಿಟರಿನ ಸ್ವಂತ ಗುಂಡಿಗಳಲ್ಲೇ ತಿದ್ದುವುದು ಲೇಸು.

ಉಪಕರಣ ಸಿಗದವರು ಹತಾಶರಾಗಬೇಕಿಲ್ಲ. ವಿಂಡೋಸ್‌ನಲ್ಲೇ ಕಣ್ಣಳತೆಯ ಕ್ಯಾಲಿಬ್ರೇಷನ್ ಇದೆ. ನನಗೆ ಅದಕ್ಕಿಂತಲೂ ನೆರವಾದದ್ದು ಆ ಕೆಟ್ಟ ಪುಟ. ತಾಯಿಯ ಮುಖ ಕಪ್ಪಾಗಿದ್ದ ಆ ಪುಟವನ್ನು ಮಾನಿಟರಿನ ಪಕ್ಕದ ಗೋಡೆಗೆ ಅಂಟಿಸಿದೆ. ಅಂದು ಕಳುಹಿಸಿದ್ದ ಚಿತ್ರವನ್ನು ತೆರೆದರೆ ಪರದೆಯ ಮೇಲೂ ಅದು ಅಷ್ಟೇ ಕೆಟ್ಟದಾಗಿ ಕಾಣಬೇಕು. ಕಂಡರೆ ಹೊಂದಾಣಿಕೆ ಸರಿಯಾಗಿದೆ.

ಒಂದು ಸೋಮವಾರ ಇದೇ ನನ್ನನ್ನು ಉಳಿಸಿತು. ಬೇರೊಂದು ಕುಟುಂಬದ ಚಿತ್ರವನ್ನು ಅರ್ಧ ದಿನ ತಿದ್ದಿ, ಕಳುಹಿಸುವ ಮುನ್ನ ಅಭ್ಯಾಸಬಲದಿಂದ ಹಳೆಯ ಚಿತ್ರವನ್ನು ತೆರೆದೆ. ತಾಯಿಯ ಕಣ್ಣುಗಳು ನಿಚ್ಚಳವಾಗಿ ಕಂಡವು! ಎದೆ ಝಲ್ಲೆಂದಿತು. ಕತ್ತಲಲ್ಲಿ ಅಡಗಿದ ಶತ್ರು ಕಾಣಲೆಂದು ನೆರಳುಗಳನ್ನು ಎತ್ತಿ ತೋರಿಸುವ ಆಟದ ಮೋಡಿನಲ್ಲೇ ಅಳಿಯ ಮಾನಿಟರನ್ನು ಬಿಟ್ಟು ಹೋಗಿದ್ದ. ಫೋನಿನಲ್ಲಿ ಅವನನ್ನು ಗದರಿಸಿದೆ; ಹಾಗೆ ಗದರಿಸಬಾರದಿತ್ತು, ಗುಂಡಿ ನೋಡದೆ ಕುಳಿತವನು ನಾನು. ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ವಾರ ಬಂದವನು ಮಾತಿಲ್ಲದೆ ಎರಡು ಮೋಡುಗಳನ್ನು ಬೇರೆ ಬೇರೆಯಾಗಿ ಉಳಿಸಿ, ಪರದೆಯ ಚೌಕಟ್ಟಿಗೆ ಚೀಟಿ ಅಂಟಿಸಿದ: ‘1: ಮಾವನ ಬಣ್ಣ. 2: ನನ್ನದು.’ ಆ ಚೀಟಿ ಈಗಲೂ ಇದೆ.

ಮೂಲ ಸ್ಕ್ಯಾನ್ ನನ್ನಲ್ಲಿ ಉಳಿದಿತ್ತು. ಒಂದನೆಯ ಮೋಡಿನಲ್ಲಿ ಕುಳಿತು ಅದನ್ನು ಮೊದಲಿನಿಂದ ತಿದ್ದಿದೆ. ಸ್ಟುಡಿಯೋದಲ್ಲಿ ಒಂದೇ ಒಂದು ಪ್ರತಿ ಹಾಕಿಸಿ, ಪರದೆಯ ಪಕ್ಕದಲ್ಲಿಟ್ಟು ನೋಡಿ, ಇನ್ನಷ್ಟು ತಿದ್ದಿ, ಮತ್ತೊಂದು ಪ್ರತಿ ಹಾಕಿಸಿದೆ. ಅದನ್ನು ಹಿಡಿದು ಹಿರಿಯರ ಮನೆಗೆ ಹೋದಾಗ ಅವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೈಯನ್ನು ಪಂಚೆಗೆ ಒರೆಸಿಕೊಂಡು ಚಿತ್ರವನ್ನು ತೆಗೆದುಕೊಂಡರು. ಎದ್ದು ಅಂಗಳದ ಬಿಸಿಲಿಗೆ ಹೋಗಿ ನೋಡಿದರು.

“ಅವ್ವ ಮೂಗುಬೊಟ್ಟು ಇಡ್ತಿದ್ದದ್ದು ನಂಗೇ ಮರೆತೋಗಿತ್ತು ಸ್ವಾಮಿ” ಎಂದರು. ಆಮೇಲೆ ಒಳಗೆ ತಿರುಗಿ, ಒಂದು ಮೊಳೆ ತರುವಂತೆ ಸೊಸೆಯನ್ನು ಕೂಗಿದರು.